ಚೊಕ್ಕ ಕಾಗದ ನಂಬದ ಭರಮಣ್ಣ

ಭರಮಣ್ಣ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂತಿರುಗಿ ನೋಡುತ್ತಿದ್ದರು. ತಾವು ಬೆನ್ನು ತಿರುಗಿಸಿದ ಮರುಕ್ಷಣವೇ ಲೋಕ ತನ್ನ ನಿಜಸ್ವರೂಪವನ್ನು ಹೊರಗೆ ತೆಗೆಯುತ್ತದೆಂದು ಅವರಿಗೆ ದೃಢವಾಗಿತ್ತು. ಅದನ್ನು ಒಮ್ಮೆಯಾದರೂ ಕೈಸೆರೆ ಹಿಡಿಯಬೇಕೆಂಬ ಹಟ ಆ ನಡಿಗೆಯಲ್ಲಿತ್ತು. ಹೊಸಪೇಟೆಯ ಮೇ ತಿಂಗಳ ಬಿಸಿಲಿನಲ್ಲೂ ಮೈಮೇಲೆ ತುಂಬುತೋಳಿನ ಖಾಕಿ ಕೋಟು. ಎಷ್ಟು ಒಗೆದರೂ ಹೋಗದ ಅದಿರಿನ ಕೆಂಪು ಅದರ ಹೊಲಿಗೆಗಳಲ್ಲಿ ಮನೆಮಾಡಿತ್ತು. ಕೈಯಲ್ಲಿ ಮೊಳದುದ್ದದ ಒಂದು ಕಬ್ಬಿಣದ ಸರಳು. ಅರವತ್ತೊಂದು ವರ್ಷ ವಯಸ್ಸಿನ ಆ ತೆಳ್ಳನೆಯ ಮನುಷ್ಯ ನನ್ನನ್ನು ಮೊದಲ ಸಲ ಕಂಡಾಗ ನಮಸ್ಕಾರ ಹೇಳಲಿಲ್ಲ. ನನ್ನ ಸುತ್ತ ಒಂದು ಪೂರ್ತಿ ಸುತ್ತು ಬಂದು, ಎದುರಿಗೆ ನಿಂತು, ಆಧಾರ್ ಕಾರ್ಡ್ ಕೇಳಿದರು.

ಹೊಸಪೇಟೆಯ ಗೆಳೆಯರ ಬಳಗವೊಂದು ಹಂಪಿಯ ಹತ್ತಿರ, ಬಾಳೆತೋಟಗಳ ಅಂಚಿನ ಶಾಲೆಯೊಂದರಲ್ಲಿ ಪ್ರತಿ ಬೇಸಿಗೆಗೆ ಹದಿನೈದು ದಿನಗಳ ಮಕ್ಕಳ ಶಿಬಿರ ನಡೆಸುತ್ತದೆ. ಸಂಡೂರು, ಕಂಪ್ಲಿ, ಹೊಸಪೇಟೆಗಳಿಂದ ಬಂದ ನಲವತ್ತು ಮಕ್ಕಳಿಗೆ ಕಥೆ ಹೇಳಲು ನನ್ನನ್ನು ಕರೆದಿದ್ದರು. ಗೇಟು, ಅಡುಗೆಮನೆ, ನೀರಿನ ಟ್ಯಾಂಕು, ಮಕ್ಕಳ ತಲೆಯೆಣಿಕೆ ಎಲ್ಲವೂ ಚಿತ್ತವಾಡ್ಗಿಯ ಭರಮಣ್ಣನವರ ಉಸ್ತುವಾರಿ. ನಾನು ಕೊಟ್ಟ ಕಾರ್ಡನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಭಾಳ ಚೊಕ್ಕ ಐತ್ರಿ ಕಾರ್ಡು. ಅದಕ್ಕ ಸಂಶಯ."

ಈ ಸಂಶಯಕ್ಕೆ ಹದಿನೆಂಟು ವರ್ಷಗಳ ತಪಸ್ಸಿತ್ತು. ಸಂಡೂರಿನ ಕಡೆಯ ಗಣಿರಸ್ತೆಯೊಂದರ ಚೆಕ್‌ಪೋಸ್ಟಿನಲ್ಲಿ ಅವರು ಲಾರಿಗಳ ಪರ್ಮಿಟ್ಟು ನೋಡುವ ಕೆಲಸದಲ್ಲಿದ್ದರು. ನಿಜವಾದ ಪರ್ಮಿಟ್ಟು ಡ್ರೈವರನ ಕಿಸೆಯಲ್ಲಿ ಬೆವೆತು, ಮಡಚಿ, ಚಹಾದ ಕಲೆ ಹತ್ತಿ ಬರುತ್ತಿತ್ತಂತೆ. ಸುಳ್ಳಿನ ಪರ್ಮಿಟ್ಟು ಮಾತ್ರ ಮದುವೆಯ ಕರೆಯೋಲೆಯಂತೆ ಗರಿಗರಿಯಾಗಿರುತ್ತಿತ್ತಂತೆ. ಆ ಸರಳು ಅದಿರಿನ ರಾಶಿಯೊಳಗೆ ಚುಚ್ಚಿ ನೋಡುತ್ತಿದ್ದ ಸರಳು. ಚೆಕ್‌ಪೋಸ್ಟು ಮುಚ್ಚಿತು, ಸರಳು ಕೈಯಲ್ಲೇ ಉಳಿಯಿತು.

ಶಿಬಿರದಲ್ಲಿ ಅವರ ಅನುಮಾನಕ್ಕೆ ಹೊರತಾದ ವಸ್ತುವಿರಲಿಲ್ಲ. ಹಾಲಿನ ಕ್ಯಾನಿನ ಮುಚ್ಚಳ ತೆಗೆದು ಮೂಸುವರು; ಬೆಳಗ್ಗೆ ನಲವತ್ತು ಜೊತೆ ಚಪ್ಪಲಿಗಳನ್ನು ಒಂದೊಂದಾಗಿ ನೆಲಕ್ಕೆ ಬಡಿದು ಚೇಳಿಲ್ಲವೆಂದು ಖಚಿತವಾದ ಮೇಲೆಯೇ ಮಕ್ಕಳನ್ನು ಹೊರಗೆ ಬಿಡುವರು; ಸೈಕಲ್ಲಿನಲ್ಲಿ ಹಾದುಹೋಗುವ ಪರದೇಶದ ಪ್ರವಾಸಿಗರು ಗೇಟಿನತ್ತ ನೋಡಿ ನಕ್ಕರೆ ಆ ನಗುವಿನ ಹಿಂದಿನ ಉದ್ದೇಶವೇನೆಂದು ಸಂಜೆಯವರೆಗೂ ಯೋಚಿಸುವರು. ಯಾರು ಏನೇ ಸಮಾಧಾನ ಹೇಳಲಿ, ಅವರ ಉತ್ತರ ಒಂದೇ: "ಆತ್ರಿ. ಆದ್ರೂ..." ಆ ವಾಕ್ಯವನ್ನು ಅವರು ಎಂದೂ ಪೂರ್ತಿ ಮಾಡಿದ್ದಿಲ್ಲ. ಮಕ್ಕಳು ಅವರಿಗೆ ಆದ್ರೂತಾತ ಎಂದೇ ಹೆಸರಿಟ್ಟಿದ್ದರು. ನಾಲ್ಕನೆಯ ದಿನ ಸಂಡೂರಿನ ಹುಡುಗನೊಬ್ಬನ ಹುಟ್ಟುಹಬ್ಬಕ್ಕೆ ಮನೆಯವರು ಕೇಕು ಕಳಿಸಿದಾಗ ಭರಮಣ್ಣ ಅದನ್ನೂ ಸರಳಿನಿಂದ ಮೂರು ಕಡೆ ಚುಚ್ಚಿ ನೋಡಿದರು. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಶಿಬಿರದ ಮುಖ್ಯಸ್ಥೆ ಸುಧಾರಾಣಿ, ಓದಿದ, ಚುರುಕಾದ, ನಗುಮುಖದ ತರುಣಿ, ಅಂದೇ ಮೊದಲ ಸಲ ಅವರ ಮೇಲೆ ಧ್ವನಿಯೆತ್ತಿದರು.

ಅಂಥ ಸುಧಾರಾಣಿಯವರಿಗೂ ನನಗೂ ಒಂದು ವಿಷಯದಲ್ಲಿ ಪರಮ ಸಂತೋಷವಿತ್ತು. ಅದು ಕಂಪ್ಲಿಯ ಕಡೆಯ ಮೆಟ್ರಿಯಿಂದ ಬಂದ ಒಂಬತ್ತು ವರ್ಷದ ತುಳಸಿ. ಸಾಲಿನಲ್ಲಿ ನಿಲ್ಲೆಂದರೆ ನಿಲ್ಲುವಳು, ತಟ್ಟೆ ತೊಳೆ ಎಂದರೆ ತೊಳೆಯುವಳು, ಜಗಳವಿಲ್ಲ, ಹಟವಿಲ್ಲ. ನನ್ನ ಕಥೆಯ ಹೊತ್ತಿಗೆ ಎಲ್ಲರಿಗಿಂತ ಮುಂದೆ ಬಂದು ಕೂತು, ರೆಪ್ಪೆ ಹೊಡೆಯದೆ ನನ್ನ ಮುಖವನ್ನೇ ನೋಡುವಳು. ಇಪ್ಪತ್ತು ವರ್ಷಗಳಲ್ಲಿ ಇಂಥ ಕೇಳುಗರು ನನಗೆ ಸಿಕ್ಕಿರಲಿಲ್ಲವೆಂದು ಊಟದ ಹೊತ್ತಿನಲ್ಲಿ ನಾನು ಕೊಚ್ಚಿಕೊಂಡೆ. ಬಡಿಸುತ್ತಿದ್ದ ಭರಮಣ್ಣ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಆ ಹುಡುಗಿ ಸರಿ ಇಲ್ರಿ, ಸರ್."

"ಯಾಕೆ?"

"ನಳದ ಹತ್ರ ಮೂರು ಸಲ ಕರದೆ. ತಿರುಗಿ ಸುದ್ದಾ ನೋಡ್ಲಿಲ್ಲ. ಎದುರಿಗಿದ್ದಾಗ ಭಾಳ ಶಾಣ್ಯಾಕಿ, ಬೆನ್ನು ತಿರುಗಿಸಿದ್ರ ಯಾರಪ್ಪನ ಮಾತೂ ಕೇಳಂಗಿಲ್ಲ. ಕಳ್ಳ ಹುಡುಗಿ."

ಆ ಮಧ್ಯಾಹ್ನ ಅವರು ತುಳಸಿಯನ್ನು ಅಂಗಳದ ಬಿಸಿಲಿನಲ್ಲಿ ಕಾಲು ಗಂಟೆ ನಿಲ್ಲಿಸಿದರೆಂದು ಚಿತ್ರಕಲೆಯ ಶಿಕ್ಷಕಿ ರಮಾ ಬಂದು ಹೇಳಿದಾಗ ನನಗೆ ಸಿಟ್ಟು ಬಂತು. ನಾನು ಹೋಗುವಷ್ಟರಲ್ಲಿ ಅವರೇ ಅವಳನ್ನು ನೆರಳಿಗೆ ಕರೆತಂದು ನೀರು ಕೊಡುತ್ತಿದ್ದರು. ಅವರ ಮುಖದಲ್ಲಿ ಏನೋ ಕದಡಿತ್ತು.

"ತಪ್ಪು ಮಾಡಿದ ಮಕ್ಳು ಅಳ್ತಾವ್ರಿ, ಇಲ್ಲಾ ಯಾಕ ನಿಲ್ಸಿದಿ ಅಂತ ಕೇಳ್ತಾವು. ಇಕಿ ನಕ್ಕೊಂತ ನಿಂತಿದ್ಲು," ಎಂದರು. "ಯಾಕ ನಿಂತೀನಿ ಅನ್ನೋದ ಇಕಿಗೆ ಗೊತ್ತಿಲ್ಲ."

ಅಂದಿನಿಂದ ಭರಮಣ್ಣ ತುಳಸಿಯ ಬೆನ್ನುಹತ್ತಿದರು. ಅವಳು ನಳಕ್ಕೆ ಹೋದರೆ ಹತ್ತು ಹೆಜ್ಜೆ ಹಿಂದೆ ಅವರು. ಅವಳು ಬೇವಿನ ಮರದಡಿ ಒಬ್ಬಳೇ ಕೂತರೆ ಮರದ ಆಚೆ ಬದಿಗೆ ಅವರ ಖಾಕಿ ಕೋಟು. ಮೆಲ್ಲನೆ ಸಿಳ್ಳೆ ಹಾಕುವರು, ನಿಲ್ಲುವರು, ಮತ್ತೆ ಹಾಕುವರು. ಇದನ್ನು ನೋಡಿದ ರಮಾ ಮೇಡಮ್ಮಿಗೆ ಬೇರೆಯೇ ಅನುಮಾನ ಹುಟ್ಟಿತು. ಹುಟ್ಟಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ವಯಸ್ಸಾದ ಗಂಡಸೊಬ್ಬ ಒಂಬತ್ತು ವರ್ಷದ ಹೆಣ್ಣುಮಗುವನ್ನು ದಿನವಿಡೀ ಹಿಂಬಾಲಿಸಿದರೆ ಯಾರ ಮನಸ್ಸು ನೆಟ್ಟಗಿರುತ್ತದೆ? ರಮಾ ಸುಧಾರಾಣಿಗೆ ಹೇಳಿದರು. ಸುಧಾರಾಣಿ ನನ್ನನ್ನು ಕೇಳಿದರು. ಕಥೆಗಳಲ್ಲಿ ಮನುಷ್ಯಹೃದಯದ ಆಳ ಅಗಲಗಳನ್ನು ವರ್ಣಿಸುವ ನಾನು, "ನನಗೂ ಯಾಕೋ ಸರಿ ಕಾಣ್ತಿಲ್ಲ" ಎಂದುಬಿಟ್ಟೆ.

ಮರುದಿನ ಊಟದ ಹೊತ್ತಿಗೆ ಭರಮಣ್ಣ ತುಳಸಿಯ ಹಿಂದೆ ನಿಂತು, ಬೇಕೆಂದೇ, ಒಂದು ದೊಡ್ಡ ಸ್ಟೀಲಿನ ತಟ್ಟೆಯನ್ನು ಕಲ್ಲುಹಾಸಿನ ಮೇಲೆ ಬಿಟ್ಟರು. ಗೋಡೆಗಳು ಝಣಗುಟ್ಟಿದವು. ಎಲ್ಲ ತಲೆಗಳೂ ಒಮ್ಮೆಲೇ ತಿರುಗಿದವು. ತುಳಸಿ ಅನ್ನ ಕಲಸುತ್ತಿದ್ದಳು. ಪಕ್ಕದ ಹುಡುಗಿ ತಿರುಗಿದ್ದನ್ನು ಕಂಡ ಮೇಲೆ, ಒಂದು ಕ್ಷಣ ತಡವಾಗಿ, ತಾನೂ ತಿರುಗಿದಳು.

ಭರಮಣ್ಣ ನೇರವಾಗಿ ಸುಧಾರಾಣಿಯ ಕೋಣೆಗೆ ಬಂದರು. ನಾನೂ ಅಲ್ಲಿದ್ದೆ.

"ಮೇಡಂ, ಆ ಹುಡುಗಿಗೆ ಕಿವಿ ಕೇಳಂಗಿಲ್ಲ. ಮುಖ ನೋಡಿ, ಮಂದಿ ನೋಡಿ ನಡಸ್ಯಾಳ."

ಸುಧಾರಾಣಿ ಅರ್ಜಿಯ ಕಡತ ತೆಗೆದು ಮುಂದಿಟ್ಟರು. ಆರೋಗ್ಯ: ಉತ್ತಮ. ಶಾಲೆಯ ಮುದ್ರೆ, ಮೇಷ್ಟರ ಸಹಿ, ಒಂದೂ ತಿದ್ದುಪಡಿಯಿಲ್ಲದ ದುಂಡನೆಯ ಅಕ್ಷರ. "ಮಾತಾಡ್ತಾಳೆ, ನಗ್ತಾಳೆ, ಹೇಳಿದ್ದೆಲ್ಲ ಮಾಡ್ತಾಳೆ. ನೀವು ಮಾತ್ರ ಅವಳ ಹಿಂದೆ ಹಿಂದೆ ಯಾಕೆ ತಿರುಗ್ತೀರಿ ಅಂತ ಎಲ್ಲರೂ ಕೇಳ್ತಿದಾರೆ, ಭರಮಣ್ಣ."

ಆ ಮಾತಿನ ಒಳಗಿದ್ದದ್ದು ಅವರಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದಾಗ ಮುಖ ಕಪ್ಪಿಟ್ಟಿತು. ರೇಗುತ್ತಾರೆಂದುಕೊಂಡೆ. ಅವರು ಸರಳನ್ನು ಮೇಜಿನ ಮೇಲಿಟ್ಟು ಕೈ ಮುಗಿದರು.

"ಸಂಶಯ ಪಡೋದು ಬರೋಬ್ಬರಿ ಐತ್ರಿ. ಪಡಬೇಕು. ನನ್ನ ಮ್ಯಾಲೂ ಪಡಬೇಕು. ನಾಳೆನ ನನ್ನ ಕಳಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹುಡುಗಿನ ಹೊರಗ ಕರ್ಕೊಂಡು ಹೋಗಬ್ಯಾಡ್ರಿ."

ಮರುದಿನ ಬೆಳಗ್ಗೆ ಹಂಪಿಯ ಸುತ್ತಾಟ ನಿಗದಿಯಾಗಿತ್ತು. ಎಲ್ಲ ಮಕ್ಕಳೂ ಬರುವಾಗ ಒಬ್ಬಳನ್ನು ಬಿಟ್ಟುಹೋಗುವುದು ಅನ್ಯಾಯವೆಂದು ಸುಧಾರಾಣಿ ನಿರ್ಧರಿಸಿದರು. ಭರಮಣ್ಣನವರನ್ನು ಕೆಲಸದಿಂದ ಕಳಿಸುವುದೆಂದೂ ತೀರ್ಮಾನವಾಯಿತು; ಆದರೆ ನೀರಿನ ಕ್ಯಾನು ಹೊರಲು ಜನ ಬೇಕಿದ್ದುದರಿಂದ ಅವರು ಅದೊಂದು ದಿನ ಉಳಿದರು. ತುಳಸಿಯಿಂದ ದೂರವಿರಬೇಕೆಂದು ಕಟ್ಟಪ್ಪಣೆಯಾಯಿತು. ಅವರು ದೂರವೇ ಇದ್ದರು. ಕ್ಯಾನು ಹೊತ್ತು ಸಾಲಿನ ಕೊನೆಯಲ್ಲಿ, ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುವ ಪದ್ಧತಿಯನ್ನು ಅಂದು ಬಿಟ್ಟು, ಮುಂದಕ್ಕೇ ನೋಡುತ್ತ ನಡೆದರು.

ಮರಳುವಾಗ ದಾರಿಯ ಪಕ್ಕದಲ್ಲಿ ಬಾಳೆಗೊನೆ ತುಂಬಿದ ಟೆಂಪೋ ನಿಂತಿತ್ತು. ತುಳಸಿಯ ಚಪ್ಪಲಿಯ ಉಂಗುಷ್ಠ ಕಿತ್ತುಬಂದಿತ್ತು. ಅವಳು ಸಾಲು ಬಿಟ್ಟು, ಟೆಂಪೋದ ಹಿಂದಿನ ನೆರಳಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಅದನ್ನು ಸಿಕ್ಕಿಸತೊಡಗಿದಳು. ಅಷ್ಟರಲ್ಲಿ ಡ್ರೈವರ್ ಗಾಡಿಯನ್ನು ಹಿಂದಕ್ಕೆ ಬಿಟ್ಟ. ಎಂಜಿನ್ ಗುಡುಗಿತು, ಹಿಂದೆ ಬರುವಾಗಿನ ಪೀಪೀ ಸದ್ದು ಕೇಳಿತು. "ತುಳಸೀ! ಆಚೆ ಸರಿ! ತುಳಸೀ!" ಎಂದು ಸುಧಾರಾಣಿ ಚೀರಿದರು, ರಮಾ ಚೀರಿದರು, ನಾನು ಚೀರಿದೆ, ಮಕ್ಕಳೆಲ್ಲ ಚೀರಿದರು. ಅವಳು ತಲೆಯೆತ್ತಲಿಲ್ಲ. ಕೂಗದೆ ಓಡಿದವರು ಭರಮಣ್ಣ ಒಬ್ಬರೇ. ಕ್ಯಾನನ್ನು ಎಸೆದು, ಅವಳ ರಟ್ಟೆ ಹಿಡಿದು ಬಾಳೆತೋಟದ ಕಡೆಗೆ ಎಳೆದುಕೊಂಡು ಬಿದ್ದರು. ಟೆಂಪೋದ ಚಕ್ರ ಚಪ್ಪಲಿಯ ಮೇಲೆ ಹಾದು ನಿಂತಿತು. ಅವರ ಬಲಗೈ ಮಣಿಕಟ್ಟು ಮುರಿದಿತ್ತು.

ಡ್ರೈವರನೇ ಹೆದರಿ ಅವರನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದ. ಶಾಲೆಗೆ ಮರಳಿದ ಮೇಲೆ ಸುಧಾರಾಣಿ ತುಳಸಿಯನ್ನು ಎದುರಿಗೆ ಕೂರಿಸಿಕೊಂಡು, ನೋಟುಪುಸ್ತಕದಿಂದ ತಮ್ಮ ಬಾಯಿ ಮುಚ್ಚಿ, ಗಟ್ಟಿಯಾಗಿಯೇ ಕೇಳಿದರು: "ನಿನ್ನ ಹೆಸರೇನು?"

ತುಳಸಿ ಮುದ್ದಾಗಿ ನಕ್ಕಳು. "ಹೂಂ, ಮಿಸ್."

"ನಿಮ್ಮೂರು ಯಾವುದು?"

"ಹೂಂ, ಮಿಸ್."

ಸುಧಾರಾಣಿ ಪುಸ್ತಕ ಕೆಳಗಿಟ್ಟು ಅಳತೊಡಗಿದರು. ನಾನು ನನ್ನ ದುರಹಂಕಾರದ ಕೊನೆಯ ಆಸರೆಗೆ ಜೋತುಬಿದ್ದು, ತುಟಿಗಳನ್ನು ನಿಧಾನವಾಗಿ ಆಡಿಸುತ್ತ, ನಾನು ಹೇಳಿದ ಕಥೆ ಯಾವುದೆಂದು ಕೇಳಿದೆ. ನಾನು ಹೇಳಿದ್ದು ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನ ಕಥೆ. ಅವಳು ಹೇಳಿದ್ದು: "ಒಬ್ಬ ಮನಷ್ಯಾಗ ಭಾಳ ಹಲ್ಲು ನೋವು. ಅಂವ ಅಳ್ತಾನ, ಒಣ್ಕಿಯಿಂದ ಭತ್ತ ಕುಟ್ತಾನ, ಆಮ್ಯಾಲೆ ನಗ್ತಾನ." ನನ್ನ ಮುಖ ಕೈಗಳನ್ನು ನೋಡಿ ಅವಳು ಕಟ್ಟಿಕೊಂಡದ್ದು ಅದು.

ತಾಯಿ ಪಂಪಾವತಿ, ಗದ್ದೆಯ ಕೂಲಿ, ಮೆಟ್ರಿಯಿಂದ ಸಂಜೆಯೊಳಗೆ ಬಂದಳು. ಬಾಗಿಲಲ್ಲೇ ಮಗಳನ್ನು ಎಳೆದು ಸೆರಗಿನೊಳಗೆ ಹಾಕಿಕೊಂಡು, ನಮ್ಮನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸಿ, "ನನ್ನ ಮಗಳಿಗೆ ಏನ್ ಮಾಡೀರಿ?" ಎಂದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಆಗಷ್ಟೇ ಬಂದಿದ್ದ ಭರಮಣ್ಣ ಎಲ್ಲರಿಗಿಂತ ಮುಂದೆ ಬಂದರು. ಉಳಿಸಿದ ಸುದ್ದಿ ಹೇಳಲಿಲ್ಲ.

"ನಾನು ಇಕಿನ ಬಿಸಲಾಗ ನಿಲ್ಸಿದ್ದೆ, ಯವ್ವಾ. ಕಾಲು ತಾಸು. ಸೊಕ್ಕು ಅಂತ ತಿಳಿದಿದ್ದೆ. ಕಿವಿ ಕೇಳಂಗಿಲ್ಲ ಅಂತ ಗೊತ್ತಿರ್ಲಿಲ್ಲ."

ಪಂಪಾವತಿ ಗೋಡೆಗೆ ಒರಗಿ ಕೂತಳು. "ಸಣ್ಣಾಕಿದ್ದಾಗಿಂದ ಕಿವಿ ಸೋರ್ತಿತ್ರಿ. ಎಣ್ಣಿ ಬಿಡ್ತಿದ್ದೆ, ನಿಲ್ತಿತ್ತು. ಕರದ್ರ ಬರ್ತಿರ್ಲಿಲ್ಲ. ಮೊಂಡಿ ಅಂತ..." ಎಂದವಳು ಮಗಳ ತಲೆ ಸವರಿದಳು. "ನಾನು ಹೊಡದೀನ್ರಿ. ಭಾಳ ಸಲ."

ವೈದ್ಯರು ಎರಡೂ ಕಿವಿಗಳ ತಮಟೆಯಲ್ಲಿ ರಂಧ್ರವಿದೆ, ವರ್ಷಗಟ್ಟಲೆ ಸೋರಿ ಒಳಗಿನ ಸಣ್ಣ ಎಲುಬುಗಳೂ ಸವೆದಿವೆ ಎಂದರು. ಆ ಮಳೆಗಾಲದಲ್ಲಿ ಒಂದು ಕಿವಿಗೆ ಶಸ್ತ್ರಚಿಕಿತ್ಸೆಯಾಯಿತು. ಇನ್ನೊಂದಕ್ಕೆ ಸದ್ಯ ಯಂತ್ರ. ಈಗ ತುಳಸಿ ಕರೆದರೆ ತಿರುಗುತ್ತಾಳೆ. ಮೊದಲಿನಷ್ಟು ವಿಧೇಯಳಲ್ಲವೆಂದೂ, ಎಲ್ಲದಕ್ಕೂ ಎದುರು ಮಾತಾಡುತ್ತಾಳೆಂದೂ ತಾಯಿ ದೂರುತ್ತಾಳಂತೆ.

ಚಿತ್ತವಾಡ್ಗಿಗೆ ಹೋದಾಗ ಒಮ್ಮೆ ಭರಮಣ್ಣನವರನ್ನು ಕೇಳಿದೆ, ಕಳ್ಳ ಹುಡುಗಿ ಎಂದವರಿಗೆ ನಿಜ ಹೊಳೆದದ್ದು ಹೇಗೆಂದು. ಸೆಟೆದು ಕೂಡಿದ ಮಣಿಕಟ್ಟನ್ನು ನೀವಿಕೊಳ್ಳುತ್ತ ಅವರು ಹೇಳಿದರು: "ಮೊದ್ಲು ಅಕಿ ಮ್ಯಾಲೆ ಸಂಶಯ ಬಂತ್ರಿ. ಆಮ್ಯಾಲೆ, ಆ ಸಂಶಯ ಇಷ್ಟು ಸಲೀಸಾಗಿ ಯಾಕ ಬಂತು ಅಂತ, ಅದರ ಮ್ಯಾಲೇ ಸಂಶಯ ಬಂತು."

ಇಂಥವರ ಜೊತೆ ಬದುಕುವುದು ಕಷ್ಟ. ಅವರು ಹಬ್ಬದ ಸಿಹಿಯನ್ನು ಕೆಡಿಸುತ್ತಾರೆ, ಅತಿಥಿಗಳನ್ನು ಅವಮಾನಿಸುತ್ತಾರೆ, ನಿರಪರಾಧಿಗಳನ್ನು ಬಿಸಿಲಿಗೆ ನಿಲ್ಲಿಸುತ್ತಾರೆ. ನಂಬುವವರಾದ ನಾವು ಸಜ್ಜನರೆನಿಸಿಕೊಂಡು ಹಾಯಾಗಿರುತ್ತೇವೆ. ಆದರೆ ನಮ್ಮ ನಂಬಿಕೆಯಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಮತ್ತೊಮ್ಮೆ ನೋಡಲಾರದ ಸೋಮಾರಿತನ ಎಂದು ಯಾರೂ ನಮ್ಮನ್ನು ಕೇಳುವುದಿಲ್ಲ. ಲೋಕವನ್ನೆಲ್ಲ ಶಂಕಿಸಿ ತಮ್ಮನ್ನು ಮಾತ್ರ ಬಿಟ್ಟುಕೊಳ್ಳುವವರು ಊರ ತುಂಬ ಇದ್ದಾರೆ. ಅವರಿಂದ ಯಾರಿಗೂ ಸುಖವಿಲ್ಲ. ತಮ್ಮನ್ನೂ ಬಿಡದೆ ಶಂಕಿಸುವವರು ಅಪರೂಪ. ಒಂದು ಮಗುವನ್ನು ಅವರು ಎರಡನೆಯ ಸಲ ನೋಡುತ್ತಾರೆ. ನಾವೆಲ್ಲ ಮೊದಲ ನೋಟಕ್ಕೇ ಮೆಚ್ಚಿ ಮುಂದೆ ಹೋಗಿರುತ್ತೇವೆ.