ಅರ್ಧಕ್ಕೆ ನಿಂತ ಒಡಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಳಕಲ್ಲಿನ ಬ್ಯಾಂಕಿನಲ್ಲಿ ಕಾರಕೂನನಾಗಿದ್ದಾಗ ಅದನ್ನು ನನ್ನ ಗುಣವೆಂದೇ ತಿಳಿದಿದ್ದೆ. 1978ರಲ್ಲಿ, ಶಿವರಾತ್ರಿ ಹತ್ತಿರ ಬಂದಿದ್ದ ಒಂದು ಸೋಮವಾರ ಅದು ಮಾಡಿದ ಕೆಲಸವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅಂದು ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ನೇಕಾರರ ಓಣಿಯ ಹೆಣ್ಣುಮಗಳೊಬ್ಬಳು ಎಂಟುನೂರೈವತ್ತು ರೂಪಾಯಿ ಜಮಾ ಮಾಡಲು ಬಂದಿದ್ದಳು. ಪಾಸ್‌ಬುಕ್ ತಂದಿರಲಿಲ್ಲ. ಹೆಸರು ಗುರುಲಿಂಗವ್ವ ಎಂದಳು. ಆ ಹೆಸರಿನವರು ಒಬ್ಬರಿಗಿಂತ ಹೆಚ್ಚಿದ್ದರು, ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಹೋಯಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ನೇರವಾಗಿ ಎತ್ತುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಅದರ ಕೊನೆಯಲ್ಲಿ ಹೇಳುತ್ತಾಳೆ. ನನ್ನ ಅವ್ವನೂ ಹಾಗೇ ಹೇಳುತ್ತಿದ್ದಳು. ಈಕೆ ತಲೆ ತಗ್ಗಿಸಿ ಶುರು ಮಾಡಿದಳು:

“ಮಹಾಕೂಟದ ಹೊಂಡದ ನೀರು ತಂಪ, ನಾ ಉಟ್ಟ ಸೀರಿ ಸೆರಗು ಕೆಂಪ…”

“ಏ ತಂಗಿ, ಇದು ಬ್ಯಾಂಕೈತಿ, ಮದುವಿ ಹಂದರ ಅಲ್ಲ!” ಎಂದು ಗದರಿದೆ. ಸಾಲಿಗೆ ಸಾಲೇ ನಕ್ಕಿತು. ನನಗೂ ಖುಷಿಯಾಯಿತು.

ಗಂಡನ ಹೆಸರು ಒಡಪಿನ ಮುಂದಿನ ಸಾಲಿನಲ್ಲಿತ್ತು. ನಾನು ಅದನ್ನು ಬರಗೊಡಲಿಲ್ಲ. ಲೆಡ್ಜರ್ ತೆರೆದು, ಮೊದಲು ಕಣ್ಣಿಗೆ ಬಿದ್ದ ಗುರುಲಿಂಗವ್ವನ ಖಾತೆ ನಂಬರನ್ನು ಚೀಟಿಯ ಮೇಲೆ ಬರೆದು, ಶಿಕ್ಕಾ ಹೊಡೆದು ಅರ್ಧ ಹರಿದುಕೊಟ್ಟೆ. ಆಕೆ ಮುಖವೆತ್ತದೆ ಹೋದಳು.

ಹದಿನೈದು ದಿನಕ್ಕೆ ಇನ್ನೊಬ್ಬ ಗುರುಲಿಂಗವ್ವ ಬಂದಳು. ಈಕೆ ತೀರಿಹೋದ ಅಂದಾನಪ್ಪನ ಹೆಂಡತಿ, ಮುದುಕಿ. ಒಬ್ಬನೇ ಮಗ ರಾಚಪ್ಪ ಸೊಲ್ಲಾಪುರದ ಗಿರಣಿಗೆಂದು ಹೋಗಿ ಎರಡು ವರ್ಷವಾಗಿತ್ತು, ಒಂದು ಕಾಗದವೂ ಬಂದಿರಲಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಲೆಡ್ಜರಿನಲ್ಲಿ ಇದ್ದದ್ದನ್ನು ಪಾಸ್‌ಬುಕ್ಕಿಗೆ ಇಳಿಸಿಕೊಟ್ಟೆ.

“ಎಂಟುನೂರಾ ಐವತ್ತು ಎಲ್ಲಿಂದ ಬಂತೋ ಯಪ್ಪಾ?”

“ಮತ್ಯಾರು ಹಾಕ್ತಾರಬೇ? ನಿನ್ನ ಮಗನ ಹಾಕಿರಬೇಕು,” ಎಂದೆ. ತಲೆಯನ್ನೂ ಎತ್ತಲಿಲ್ಲ.

ಮುದುಕಿ ಪಾಸ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡಳು. ಮರುದಿನ ಬಂದು ಬ್ಯಾಂಕಿನವರಿಗೆಲ್ಲ ಸಕ್ಕರೆ ಹಂಚಿದಳು. ನಾನೂ ತಿಂದೆ.

ಯುಗಾದಿಗೆ ನಾಲ್ಕು ದಿನವಿತ್ತು. ಕಾಶಪ್ಪ ಎಂಬ ನೇಕಾರ ಹೆಂಡತಿಯನ್ನು ಕರೆದುಕೊಂಡು ಬಂದ. ಒಡಪು ಹೇಳಹೊರಟಿದ್ದ ಅದೇ ಗುರುಲಿಂಗವ್ವ. ಹಳೆಯ ಮಗ್ಗ ಮಾರಿ ಬಂದ ಹಣವನ್ನು ತೆಗೆದು ಹೊಸ ಮಗ್ಗಕ್ಕೆ ಬಡಿಗನಿಗೆ ಕೊಡಬೇಕಾಗಿತ್ತು. ಪಾಸ್‌ಬುಕ್ಕಿನಲ್ಲಿ ಹನ್ನೆರಡು ರೂಪಾಯಿ ಇತ್ತು.

“ರೊಕ್ಕ ತವರಮನಿಗಿ ಮುಟ್ಟಿಸಿಯೇನು?” ಕಾಶಪ್ಪ ಎಲ್ಲರೆದುರು ಕೇಳಿದ.

“ಇವರ ಕೈಯಾಗ ಕೊಟ್ಟೇನ್ರಿ,” ಎಂದು ಆಕೆ ನನ್ನತ್ತ ಬೆರಳು ಮಾಡಿದಳು.

“ಕೊಟ್ಟಿದ್ರ ಪುಸ್ತಕದಾಗ ಇರತಿತ್ತಲ್ಲ,” ಎಂದೆ.

ಕಾಶಪ್ಪ ಬಯ್ಯಲಿಲ್ಲ, ಬಡಿಯಲಿಲ್ಲ. ಆಕೆಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಆಕೆ ಬಹಳ ಹೊತ್ತು ಕಂಬದ ಹತ್ತಿರ ನಿಂತಿದ್ದಳು. ನಾನು ನೋಡದವನಂತೆ ಬರೆಯುತ್ತ ಕುಳಿತೆ.

ಮರುದಿನ ಬಾಗಿಲು ತೆರೆಯುವುದರೊಳಗೆ ಆಕೆ ಬಂದಿದ್ದಳು. ದೇವರ ಜಗಲಿಯ ಮೇಲೆ ವಿಭೂತಿಯ ಕೆಳಗೆ ಇಟ್ಟಿದ್ದ ಚೀಟಿಯನ್ನು ನನ್ನ ಮುಂದೆ ಇಟ್ಟಳು. ಅಕ್ಷರ ನನ್ನದು, ಸಹಿ ನನ್ನದು, ನಂಬರು ಅಂದಾನಪ್ಪನ ಹೆಂಡತಿಯದು. ತಪ್ಪು ನನ್ನದು ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.

“ನಾಳಿ ಗಂಡನ್ನ ಕರಕೊಂಡ ಬಾ,” ಎಂದೆ.

“ಅವರು ನನ್ನ ಮಾತಾಡ್ಸವಲ್ರು,” ಎಂದಳು.

ಚೀಟಿ ನೋಡಿ ಮ್ಯಾನೇಜರು ಉಗಿದರು. ಮುದುಕಿಯ ಒಪ್ಪಿಗೆಯ ಹೆಬ್ಬೆಟ್ಟು ತಾ, ಇಲ್ಲದಿದ್ದರೆ ನಿನ್ನ ಸಂಬಳದಿಂದ ತುಂಬು ಎಂದರು. ತಿಂಗಳಿಗೆ ಇಷ್ಟಿಷ್ಟು ಎಂದು ತುಂಬಬಹುದಿತ್ತು. ಆಗ ಅದು ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಮನಸ್ಸಾಗಲಿಲ್ಲ. ಕಾಗದ, ಮಸಿಯ ಡಬ್ಬಿ ಹಿಡಿದು ಮುದುಕಿಯ ಮನೆಗೆ ನಡೆದೆ.

“ಬಾರೋ ಯಪ್ಪಾ, ರಾಚ್ಯಾಂದೇನರ ಸುದ್ದಿ ಬಂತೇನು?” ಎನ್ನುತ್ತ ಕಂಬಳಿ ಹಾಸಿದಳು. ಆ ಹಣದಲ್ಲಿ ಒಂದು ಪೈಸೆ ಮುಟ್ಟಿರಲಿಲ್ಲ, ಮಗನ ಮದುವೆಗೆಂದು ಇಟ್ಟಿದ್ದಳು. ನಿಜ ಹೇಳಲೆಂದೇ ಬಾಯಿ ತೆರೆದೆ. ಆ ಮುಖ ನೋಡಿ ಬೇರೆ ಮಾತು ಬಂತು.

“ಅವಗ ಅಡಚಣಿ ಆಗೇತಂತ. ರೊಕ್ಕ ವಾಪಸ್ ಕೇಳ್ಯಾನ.”

“ಮದ್ಲ ಹೇಳಬಾರದೇನು!” ಎಂದು ತಾನೇ ಹೆಬ್ಬೆರಳು ಚಾಚಿದಳು. ಒತ್ತಿಸಿಕೊಂಡೆ. ಏಳುವಷ್ಟರಲ್ಲಿ ಒಳಗೆ ಹೋಗಿ ಜೋಳದ ಗಡಿಗೆಯಲ್ಲಿ ಕೈಯಾಡಿಸಿ, ಮಡಚಿದ ನೋಟುಗಳನ್ನು ತಂದು ನನ್ನ ಮುಷ್ಟಿಗೆ ತುರುಕಿದಳು. ನಲವತ್ತು ರೂಪಾಯಿ.

“ಇದನ್ನೂ ಅವಗ ಕಳಿಸು. ಅಡಚಣ್ಯಾಗ ಅದಾನ, ಕೂಸು.”

ಬೇಡವೆಂದರೆ ಸುಳ್ಳು ಬಯಲಾಗುತ್ತಿತ್ತು. ಜೇಬಿಗೆ ಹಾಕಿಕೊಂಡೆ. ಓಣಿಯ ತುದಿಯವರೆಗೂ ತಲೆ ಎತ್ತಲಾಗಲಿಲ್ಲ.

ಕಾಶಪ್ಪನಿಗೆ ಆಳು ಕಳಿಸಿ, ಗಂಡಹೆಂಡಿರನ್ನು ಕರೆಸಿದೆ. ಎದ್ದು ನಿಂತು, ಸಾಲಿಗೆಲ್ಲ ಕೇಳುವಂತೆ, ತಪ್ಪು ನನ್ನದು, ಈಕೆಯದಲ್ಲ ಎಂದೆ. ಹಣ ಎಣಿಸಿ ಕೊಟ್ಟೆ. ಹೇಗಾದರೂ ಆಕೆಯನ್ನು ನಗಿಸಬೇಕೆನಿಸಿತು.

“ತಂಗಿ, ಅವತ್ತು ಅರ್ಧಕ್ಕ ನಿಂತ ಒಡಪು ಇವತ್ತು ಪೂರಾ ಮಾಡವ್ವ. ಗಂಡನ ಹೆಸರೇನು?”

ಆಕೆ ಸೆರಗು ಬಾಯಿಗೆ ಒಯ್ಯಲಿಲ್ಲ. ಗಂಡನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

“ಕಾಶಪ್ಪ,” ಎಂದಳು.

ಬರೀ ಹೆಸರು. ಸಾಲಿನಲ್ಲಿ ಯಾರೂ ನಗಲಿಲ್ಲ. ಕಾಶಪ್ಪ ಕೈಯಲ್ಲಿದ್ದ ನೋಟುಗಳನ್ನು ಮತ್ತೆ ಮತ್ತೆ ಸರಿಮಾಡುತ್ತ ನಿಂತ.

ಮುದುಕಿಯ ನಲವತ್ತು ರೂಪಾಯಿ ಎರಡು ದಿನ ಜೇಬಿನಲ್ಲೇ ಇತ್ತು. ಅದನ್ನು ಇಟ್ಟುಕೊಂಡರೆ ಕಳ್ಳನಾಗುತ್ತೇನೆಂದು ಆಕೆಯ ಖಾತೆಗೇ ಜಮಾ ಮಾಡಿದೆ. ಅಷ್ಟಾದರೂ ಪ್ರಾಮಾಣಿಕನಾದೆ ಅಂದುಕೊಂಡೆ.

ಎರಡು ತಿಂಗಳಿಗೆ ಆಕೆ ಪಾಸ್‌ಬುಕ್ ಬರೆಸಲು ಬಂದಳು. ಎಂಟುನೂರೈವತ್ತು ಹೋಗಿದೆ, ನಲವತ್ತು ಬಂದಿದೆ ಎಂದು ಓದಿ ಹೇಳಿದೆ.

“ನಲವತ್ತು ಬಂತಾ?” ಮುದುಕಿಯ ಮುಖವೆಲ್ಲ ಅರಳಿತು. “ಅವ್ವನ ರೊಕ್ಕ ಬ್ಯಾಡಂತ ತಿರುಗಿ ಕಳಿಸ್ಯಾನ ನೋಡು! ಸಣ್ಣಾವಿದ್ದಾಗಿಂದ ಹಂಗ ಅವ, ಸೊಕ್ಕಿನ ಮಗ.”

ಅಂದು ಹಿಂದೆ ಸಾಲೇ ಇರಲಿಲ್ಲ. ನನಗೆ ಅವಸರವೂ ಇರಲಿಲ್ಲ. ಆದರೂ ನಿಜ ಹೇಳದೆ ಪಾಸ್‌ಬುಕ್ ಮಡಚಿ ಕೊಟ್ಟೆ.

ಮರುದಿನ ಆಕೆ ಮತ್ತೆ ಸಕ್ಕರೆ ತಂದಳು. ನಾನು ಅಂಗೈ ಒಡ್ಡಿದೆ.