ಮೊಳೆಗೆ ತೂಗಿದ ರೊಟ್ಟಿ

ಎಲ್ಲಿಂದ ಶುರು ಮಾಡಲಿ? ಬೆಟ್ಟದ ನೆತ್ತಿ ಮೇಲಿರೋ ನಮ್ಮೂರು ಮುರ್ಗಾಬಿನ ಗಾಳಿಯಿಂದ ಅಂತ ಎರಡು ಸಾಲು ಬರೆದು ಹೊಡೆದುಹಾಕಿದೆ. ಗಾಳಿಗೇನು, ಇಲ್ಲಿ ದಿನಾ ಬೀಸತ್ತೆ. ಹಾಲಿನಾ ಮೇಡಂ ತಲೆನೋವಿನಿಂದ ಶುರು ಮಾಡಬೇಕು. ಅಲ್ಲಿ ತಪ್ಪು ನನ್ನದು, ಅದಕ್ಕೇ ಸುತ್ತಾಡಿಸ್ತಿದೀನಿ.

೧

ಹಾಲಿನಾ ಪೋಲೆಂಡಿನ ನಿವೃತ್ತ ಟೀಚರು. ತಗ್ಗಿನ ಓಶ್ ಪಟ್ಟಣದ ಕಡೆಯಿಂದ ಬಂದವರು, ಪ್ರವಾಸಿಗರನ್ನ ಇಳಿಸ್ಕೊಳ್ಳೋ ನಮ್ಮನೇಲಿ ಒಂದು ರಾತ್ರಿ ತಂಗಿ ಮುಂದಕ್ಕೆ ಹೋಗೋರಿದ್ರು. ಬರುವಾಗಲೇ ಹಣೆ ಹಿಡ್ಕೊಂಡಿದ್ರು. "ಎಲ್ಲರಿಗೂ ಹೀಗೇ ಮೇಡಂ, ಉಪ್ಪು ಚಹಾ ಕುಡಿದು ಮಲಗಿ" ಅಂದೆ. ಈ ಎತ್ತರದಲ್ಲೇ ಹುಟ್ಟಿದವಳು ನಾನು, ನನಗೆ ತಲೆನೋವು ಅಂದ್ರೆ ಬರೀ ತಲೆನೋವು. ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ತುಟಿ ನೀಲಿ, ಏನೇನೋ ಬಡಬಡಿಸ್ತಿದಾರೆ.

೨

ಡಾಕ್ಟರಮ್ಮ ನೋಡಿ, "ಎತ್ತರದ ಕಾಯಿಲೆ ಇದು. ಕೆಳಗೆ ಖೊರೋಗ್ ಆಸ್ಪತ್ರೆಗೆ ಇಳಿಸಿ, ಈಗಲೇ" ಅಂದ್ರು.

(ಇಳಿಸೋದು ಸುಲಭ ಅಂದ್ಕೋಬೇಡಿ ಓದುಗರೇ. ನಮ್ಮೂರಿಂದ ಇಳಿಯಬೇಕಾದ್ರೆ ಮೊದಲು ಘಾಟಿ ಹತ್ತಬೇಕು, ಇನ್ನೂ ಆರುನೂರು ಮೀಟರ್. ಅಲ್ಲಿ ನಿನ್ನೆಯಿಂದ ಹಿಮ.)

ಜೀಪು ನಮ್ಮ ಮನೆಯವರದು. (ಗಂಡನ ಹೆಸರು ಹೇಳೋ ಪದ್ಧತಿ ನಮ್ಮಲ್ಲಿಲ್ಲ. 'ಇವರು' ಅಂತಲೇ ಬರೀತೀನಿ, ಬೇಕಾದ್ರೆ ನಗಿ.) "ಘಾಟಿ ಮೇಲೇ ಏನಾದ್ರೂ ಆದ್ರೆ?" ಅಂದ್ರು ಇವರು. "ನಮ್ಮ ಹಾಸಿಗೆ ಮೇಲೆ ಆದ್ರೆ?" ಅಂದೆ. ಕಳಿಸಿದ್ದೂ ನಾನೇ.

೨, ಮತ್ತೆ (ಮುಖ್ಯವಾದ್ದನ್ನೇ ಬಿಟ್ಟಿದ್ದೆ)

ಹೊರಡೋರು ರೊಟ್ಟಿ ಕಚ್ಚಿ ಹೋಗಬೇಕು. ಉಳಿದದ್ದು ಗೋಡೆ ಮೊಳೆಗೆ. ಕಚ್ಚಿದವರೇ ವಾಪಸ್ ಬಂದು ಇಳಿಸಿ ತಿನ್ನಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ. ಇವರು ಕಚ್ಚಿದ್ರು. ನಮ್ಮತ್ತೆ ಬುರ್ಮಕಾನ್ ಅದೇ ರೊಟ್ಟೀನ ಹಾಲಿನಾ ಬಾಯಿಗೂ ಹಿಡಿದ್ರು.

"ಕಚ್ಚಮ್ಮ, ಒಂದೇ ಒಂದು ಚೂರು."

ಹಲ್ಲು ಕೂಡಲಿಲ್ಲ. ಅತ್ತೆ ದವಡೆ ಒತ್ತಿದ್ರು. ಎರಡು ಹಲ್ಲಿನ ಗುರುತು, ಅಷ್ಟೇ.

"ಇದು ಕಚ್ಚಿದ ಹಾಗಾಯ್ತಾ ಅತ್ತೆ?"

"ಬಾಯಿ ಮುಚ್ಚೇ."

ಮುಕ್ತಾಯ, ಮೊದಲನೇ ಡ್ರಾಫ್ಟ್

ಜೀಪು ಘಾಟಿ ದಾಟಿತು. ಖೊರೋಗ್‌ನಲ್ಲಿ ಹಾಲಿನಾ ಕಣ್ಣು ಬಿಟ್ಟು ನೀರು ಕೇಳಿದ್ರು. ಸುದ್ದಿ ಇನ್ನೂ ಏನೂ ಬಂದಿಲ್ಲ, ನಾನೇ ಕಟ್ಟಿದ ಇದನ್ನ ಅತ್ತೆಗೆ ಓದಿ ಹೇಳಿದೆ. ಹಿಟ್ಟು ನಾದ್ತಾ ಅಂದ್ರು, "ನಿನ್ನ ಕೈ ತೊಳ್ಕೊಳ್ಳೋಕೆ ಬರೆದಿದೀಯ. ಹರಿದು ಒಲೆಗೆ ಹಾಕು."

ಎರಡನೇ ಡ್ರಾಫ್ಟ್

ಘಾಟಿ ಮೇಲೆ ಹಾಲಿನಾ

(ಅತ್ತೆ ಪುಸ್ತಕ ಕಿತ್ಕೊಂಡ್ರು. "ರೊಟ್ಟಿ ಮೊಳೇಲಿರುವಾಗ ಸಾಯಿಸ್ತೀಯಾ? ನಿನ್ನ ಕೈ ಸೇದಿಹೋಗ!" ಆಮೇಲೆ ಸಣ್ಣ ದನೀಲಿ, "ಅದೇ ಗಾಡೀಲಿ ನನ್ನ ಮಗನೂ ಇದಾನೆ ಕಣೇ.")

ಡ್ರಾಫ್ಟ್ ಅಲ್ಲ

ಈಗ ಮಧ್ಯಾಹ್ನ. ಖೊರೋಗ್ ದಾರೀಲಿ ಧೂಳು. ಬೂದು ಜೀಪು, ನಮ್ಮದೇ. ಇವತ್ತು ವಾಪಸ್ ಬರೋ ಹಾಗೇ ಇರಲಿಲ್ಲ. ಘಾಟಿ ಮುಚ್ಚಿರಬೇಕು. ಇಲ್ಲಾ, ಇಳಿಸೋ ಅವಸರವೇ ಮುಗಿದಿರಬೇಕು. ಓಡಿಸ್ತಿರೋರು ಇವರೇ ಅಂತ ಗೊತ್ತಾದಾಗ ಜೀವ ಬಂತು. ಹಾಲಿನಾ ನೆನಪಾಗಿದ್ದು ಆಮೇಲೆ. ಥೂ ನನ್ನ!

ಅತ್ತೆ ಕಿಟಕಿಗೆ ಬೆನ್ನು ಹಾಕಿದಾರೆ. "ಆಯಮ್ಮ ಕಾಣ್ತಾರೇನೇ?"

"ನೋಡಲ್ಲ ಅತ್ತೆ. ನೋಡಿದ್ರೆ ಬರೀಬೇಕಾಗತ್ತೆ."

ಅವರು ಹಿಟ್ಟಿನ ಕೈಲೇ ಸ್ಟೂಲ್ ಹತ್ತಿ, ರೊಟ್ಟೀನ ಇನ್ನೂ ಮೇಲಿನ ಮೊಳೆಗೆ ತೂಗುಹಾಕಿದ್ರು.

ಅಂಗಳದಲ್ಲಿ ಜೀಪು ನಿಂತಿತು. ಒಂದು ಬಾಗಿಲು ತೆಗೆದ ಸದ್ದಾಯ್ತು. ಎರಡನೇದಕ್ಕೆ ಕಾಯ್ತಿದೀವಿ.