ಬಲಗೈಯಲ್ಲಿ ಒಂದು ಕಿಲೋ ಕರದಂಟು

“‘ಪ್ಲೆಸೆಂಟ್ ಜಂಟಲ್‌ಮನ್’ ಅಂತ ಬರದಾರ,” ಎಂದಳು ವಿಜಯಾ, ಆಸ್ಪತ್ರೆಯ ಪತ್ರದಿಂದ ಕಣ್ಣು ತೆಗೆಯದೆ. “ಯಾರಿಗ್ರೀ ಇದು? ನಿಮಗೇನು?”

“ಮತ್ಯಾರಿಗೆ? ಪತ್ರ ನನ್ನ ಹೆಸರಿಗೇ ಬಂದೈತಲ್ಲ,” ಎಂದ ಕಲ್ಲಯ್ಯ. ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತು.

“ಹದಿನೆಂಟು ವರ್ಷ ಆತು, ನನಗ ಒಮ್ಮೆನೂ ಹಂಗ ಕಂಡಿಲ್ಲ ನೋಡ್ರಿ.” ಅವಳು ರೊಟ್ಟಿ ಹಿಟ್ಟಿನ ಕೈಯನ್ನು ದೂರ ಹಿಡಿದು, ಒಂದೇ ಕೈಯಲ್ಲಿ ಪತ್ರ ಹಿಡಿದು ಓದುತ್ತ ಹೋದಳು. ಹೇಗಿದ್ದೀರಿ ಎಂದು ಕೇಳಿದಾಗ ಈ ಗೃಹಸ್ಥರು ಚೆನ್ನಾಗಿರುವುದಾಗಿ ತಿಳಿಸಿದರು. ಸುಮಾರು ಒಂದು ಕಿಲೋ ತೂಕದ ಸಿಹಿತಿಂಡಿಯ ಡಬ್ಬಿಯನ್ನು ಬಲಗೈ ಪೂರ್ತಿ ಚಾಚಿ, ಯಾವ ತೊಂದರೆಯೂ ಇಲ್ಲದೆ ನನ್ನ ಕಡೆ ನೀಡಿದರು. ನಗುತ್ತಿದ್ದರು. ಸದ್ಯ ಮತ್ತೊಂದು ಸ್ಕ್ಯಾನಿನ ಅಗತ್ಯ ಕಾಣುವುದಿಲ್ಲ. ಇವರನ್ನು ನಮ್ಮ ಕ್ಲಿನಿಕ್ಕಿನಿಂದ ಬಿಡುಗಡೆ ಮಾಡಿದ್ದೇನೆ.

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಇಬ್ಬರೂ ಅದರತ್ತ ನೋಡಲಿಲ್ಲ.

ಕತ್ತಿನ ನರವೊಂದನ್ನು ಬೆನ್ನೆಲುಬಿನ ಡಿಸ್ಕ್ ಒತ್ತುತ್ತಿದೆ ಎಂದು ಮಾರ್ಚ್‌ನಲ್ಲಿ ಕಲ್ಲಯ್ಯನ ಕುತ್ತಿಗೆಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಎರಡು ವಾರ ಸ್ವರ್ಗ. ಮೂರನೆಯ ವಾರದಿಂದ ಕುತ್ತಿಗೆಯಲ್ಲಿ ಹುಟ್ಟಿದ ಕರೆಂಟು ಭುಜ, ಮೊಣಕೈ ಹಾದು ಹೆಬ್ಬೆರಳಿನ ತುದಿಗೆ ಬಂದು ಹೊಡೆಯತೊಡಗಿತು. ಮೊದಲಿಗಿಂತ ಜೋರಾಗಿ. ಯಾಕೆ ಹೀಗೆ ಎಂದು ಕೇಳುವುದಕ್ಕೆ ನಾಲ್ಕು ತಿಂಗಳು ಕಾದು ಸಿಕ್ಕಿದ್ದು ಹನ್ನೆರಡು ನಿಮಿಷದ ಭೇಟಿ. ಅದರ ಫಲವೇ ಈ ಪತ್ರ.

“ಡಬ್ಬಿ ಯಾಕ ಒಯ್ದಿದ್ರಿ?”

“ಅಷ್ಟು ದೊಡ್ಡ ಡಾಕ್ಟರ್ ಹಂತ್ಯಾಕ ಖಾಲಿ ಕೈಲೆ ಹೋಗೂದೇನು? ಊರಿಂದ ಅಮೀನಗಡದ ಕರದಂಟು ಬಂದಿತ್ತು, ಒಯ್ದೆ.”

“ಒಯ್ದ್ರಿ. ಎಡಗೈಲೆ ಕೊಡಬೇಕಿತ್ತಲ್ಲ.”

ಕಲ್ಲಯ್ಯ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ಲಂಡನ್ನಿನ ಸೌತ್‌ಹಾಲ್‌ನಿಂದ ಆಸ್ಪತ್ರೆಯ ತನಕ ಬಸ್ಸಿನಲ್ಲಿ ಡಬ್ಬಿಯನ್ನು ಎಡಗೈಯಲ್ಲೇ ಹಿಡಿದಿದ್ದ. ಬಾಗಿಲ ಹತ್ತಿರ ನಿಂತು, ಉಸಿರು ಬಿಗಿಹಿಡಿದು, ಅದನ್ನು ಬಲಗೈಗೆ ವರ್ಗಾಯಿಸಿಕೊಂಡಿದ್ದ. “ಎಡಗೈಲೆ ಯಾರರ ಕೊಡತಾರೇನs? ಭಿಕ್ಷಾನೂ ಹಂಗ ನೀಡೂದಿಲ್ಲ.”

“ನಕ್ಕಿದ್ದ್ಯಾಕ ಮತ್ತ?”

“ನಗಲಿಲ್ಲ. ನೋವಿಗೆ ಹಲ್ಲು ಕಚ್ಚಿದ್ದೆ.”

ಕಲ್ಲಯ್ಯನ ಉದ್ಯೋಗವೇ ದೂರು ಬರೆಯುವುದು. ಅಕ್ಸ್‌ಬ್ರಿಡ್ಜ್‌ನ ಕಂಪನಿಯೊಂದರಲ್ಲಿ ಅವನು ಸಾಫ್ಟ್‌ವೇರ್ ಟೆಸ್ಟರ್. ಪರದೆಯ ಮೇಲೆ ಒಂದು ಗೆರೆ ಕೂದಲೆಳೆಯಷ್ಟು ಸರಿದಿದ್ದರೂ ಯಾವಾಗ, ಎಲ್ಲಿ, ಎಷ್ಟು ಸಲ ಎಂದು ಚಿತ್ರಸಮೇತ ವರದಿ ಒಪ್ಪಿಸುತ್ತಿದ್ದ. ಅವನ ವರದಿ ಬಂತೆಂದರೆ ಹುಡುಗರು ಕಾಫಿ ಬಿಟ್ಟು ಏಳುತ್ತಿದ್ದರು. ತನ್ನ ಕೈಯ ವಿಷಯದಲ್ಲಿ ಮಾತ್ರ ಈವರೆಗೆ ಒಂದು ಸಾಲೂ ಹೊರಟಿರಲಿಲ್ಲ.

ಸೋಮವಾರದಿಂದ ಮತ್ತೆ ಬಡಾವಣೆಯ ಡಾಕ್ಟರಿಗೆ, ಅಂದರೆ ಜಿಪಿಗೆ, ಫೋನು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಒತ್ತಿದರೂ ಸಾಲಿನಲ್ಲಿ ಇಪ್ಪತ್ತಮೂರನೆಯವನು. ಅದೇ ಪಿಯಾನೋ ಸಂಗೀತ. ನಾಲ್ಕನೆಯ ದಿನ ಸಿಕ್ಕ ಜಿಪಿ ಒಳ್ಳೆಯ ಹೆಂಗಸು. ಆಸ್ಪತ್ರೆಗೆ ಮತ್ತೆ ಬರೆದುಕೊಡುತ್ತೇನೆ ಎಂದಳು. “ಕೈಯ ಬಲ ಕಡಿಮೆಯಾಗುತ್ತಿದ್ದರೆ ತಡ ಮಾಡಬಾರದು. ಒಮ್ಮೆ ಹೋದ ಬಲ ವಾಪಸು ಬರುತ್ತದೆ ಅಂತ ಹೇಳಲಾಗದು. ಆದರೆ ಅದನ್ನು ಅವರಿಗೆ ನೀವೇ ಹೇಳಬೇಕು,” ಎಂದಳು. ಯಾರೋ ಬರುವುದಿಲ್ಲವೆಂದು ತೆರವಾದ ಜಾಗವೊಂದು ಮೂರು ವಾರಕ್ಕೆ ಸಿಕ್ಕಿತು.

ಮನೆಯಲ್ಲಿ ತಾಲೀಮು ಶುರುವಾಯಿತು. ಹದಿನಾಲ್ಕರ ಮಗಳು ಸಿರಿಶಾ ಡಾಕ್ಟರು. ಅಮ್ಮನ ಕನ್ನಡಕ ಏರಿಸಿಕೊಂಡು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು.

“ಹೌ ಆರ್ ಯೂ?”

“ಫೈನ್, ಥ್ಯಾಂಕ್ ಯೂ. ಆಂಡ್ ಯೂ?”

“ಡಿಸ್ಚಾರ್ಜ್ಡ್!” ಎಂದು ಅವಳು ಸೌಟಿನಿಂದ ಟೀಪಾಯಿಗೆ ಮುದ್ರೆ ಒತ್ತಿದಳು.

ಒಂದೇ ಸಂಜೆ ಕಲ್ಲಯ್ಯ ಏಳು ಸಲ ಬಿಡುಗಡೆಯಾದ. “ಅಪ್ಪಾ, ಯೂ ರೈಟ್ ಟೂ ಪೇಜಸ್ ಅಬೌಟ್ ಎ ಮಿಸ್ಸಿಂಗ್ ಕಾಮಾ!” ಎಂದು ಮಗಳು ತಲೆ ಚಚ್ಚಿಕೊಂಡಳು.

“ಬಾಯಾಗ ತಾನs ಬರತೈತವಾ, ಏನ್ ಮಾಡ್ಲಿ?” ಎಂದ ಅವನು. “ನಮ್ಮ ಕಡೆ ಆರಾಮೇನ್ರಿ ಅಂದ್ರ ಆರಾಮ್ರಿ ಅನ್ನೂದು. ನಮ್ಮಪ್ಪ ಕಾಲು ಮುರಕೊಂಡು ಗದಗಿನ ದವಾಖಾನ್ಯಾಗ ಬಿದ್ದಾಗೂ, ನೋಡಾಕ ಬಂದವರಿಗೆ ‘ನಾ ಆರಾಮ್ರಿ, ನೀವು ಆರಾಮೇನು’ ಅಂದಿದ್ದ.”

“ನಿಮ್ಮಪ್ಪಗ ಪ್ಲಾಸ್ಟರ್ ಇತ್ತು, ಊರಿಗೆಲ್ಲ ಕಾಣತಿತ್ತು,” ಎಂದಳು ವಿಜಯಾ. “ನಿಮ್ಮ ನರ ಯಾರಿಗೆ ಕಾಣತೈತಿ?”

ಭೇಟಿಯ ದಿನ ಅವಳು ರಜೆ ಹಾಕಿ ಜೊತೆಗೆ ಹೊರಟಳು. ಇಸ್ತ್ರಿ ಇಲ್ಲದ ಅಂಗಿ ಎಂದು ಆಜ್ಞೆಯಾಗಿತ್ತು. ಗಡ್ಡ ತೆಗೆಯಬಾರದು ಎಂದೂ ಆಗಿತ್ತು, ಆದರೆ ಅವನು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟು, ಎಡಗೈಯಲ್ಲಿ ಹೇಗೋ ತೆಗೆದುಕೊಂಡು, ಎರಡು ಕಡೆ ಕೊಯ್ದುಕೊಂಡು ಬಂದ. ಬಾಗಿಲಲ್ಲಿ ವಿಜಯಾ ವಿಮಾನ ನಿಲ್ದಾಣದವರಂತೆ ಅವನ ಚೀಲ ತಡವಿದಳು. ಪೇಪರಿನಲ್ಲಿ ಸುತ್ತಿದ ಸಣ್ಣ ಡಬ್ಬಿಯೊಂದು ಸಿಕ್ಕಿತು.

“ಕಾಲು ಕಿಲೋ ಅಷ್ಟs,” ಎಂದ ಕಲ್ಲಯ್ಯ.

ಡಬ್ಬಿ ಮನೆಯಲ್ಲೇ ಉಳಿಯಿತು.

ಕಾಯುವ ಕೋಣೆಯಲ್ಲಿ ಸೆಕೆ. ಜಾಕೆಟ್ ತೆಗಿರಿ ಎಂದು ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ತಾನೇ ಜಿಪ್ ಎಳೆದಳು. ಒಳಗೆ ಅಂಗಿಗೆ ಮೇಲಿನ ಒಂದೇ ಒಂದು ಗುಂಡಿ ಹಾಕಿತ್ತು, ಅದೂ ಬೇರೆ ತೂತಿಗೆ. ಉಳಿದ ಅಂಗಿ ಅಗಲವಾಗಿ ತೆರೆದು ಬನಿಯನ್ ಕಾಣುತ್ತಿತ್ತು.

“ಇದೇನ್ರಿ?”

ಅವನು ಗೋಡೆಯ ಟಿವಿ ನೋಡಿದ.

“ಎಷ್ಟ್ ದಿನಾತು?”

“ತಿಂಗಳಾತು. ದಿನಾ ಸಿರಿ ಹಾಕತಾಳ, ಲಿಫ್ಟಿನ್ಯಾಗ. ಇವತ್ತ ಆಕಿ ಲಗೂನ ಸಾಲಿಗೆ ಹೋದ್ಲು.”

ವಿಜಯಾ ಬಗ್ಗಿ ಗುಂಡಿಗಳನ್ನು ಹಾಕಲು ಹೋದವಳು ಕೈ ಹಿಂದೆಗೆದಳು. “ಹಿಂಗs ಇರ್ಲಿ. ಅವರೂ ನೋಡ್ಲಿ,” ಎಂದಳು. ಅಷ್ಟರಲ್ಲಿ ಅವನ ಹೆಸರು ಕರೆದರು. ಕಲ್ಲಯ್ಯ ಏಳುತ್ತಲೇ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡ.

ಡಾಕ್ಟರು ಹಿಂದಿನವರೇ, ಕೆಂಪು ಗಡ್ಡದ ತರುಣ. ಗುರುತು ಹಿಡಿದು ಮುಗುಳ್ನಕ್ಕರು.

“ಹೌ ಆರ್ ಯೂ?”

ಕಲ್ಲಯ್ಯ ಉಸಿರೆಳೆದುಕೊಂಡ. ವಿಜಯಾ ಮುಂದಕ್ಕೆ ಬಾಗಿದಳು.

“ಫೈನ್, ಥ್ಯಾಂಕ್ ಯೂ,” ಎಂದ. ಬಾಯಿ ಅಷ್ಟಕ್ಕೂ ನಿಲ್ಲಲಿಲ್ಲ. “ಆಂಡ್ ಯೂ?”

ವಿಜಯಾ ಕಣ್ಣು ಮುಚ್ಚಿದಳು.

ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಡಾಕ್ಟರು ಕೇಳಿದರು. ಮೂರು ಎಂದ. ವಿಜಯಾ ಕೆಮ್ಮಿದಳು. ನಾಲ್ಕು ಎಂದ. ಅವಳು ಇನ್ನೂ ಜೋರಾಗಿ ಕೆಮ್ಮಿದಳು. ನಾಲ್ಕೂವರೆಗೆ ಬರುವ ಹೊತ್ತಿಗೆ ಡಾಕ್ಟರು ಎದ್ದುಹೋಗಿ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟರು. ಅವಳು ಬಾಯಿ ತೆರೆದು ಹೇಳಹೊರಟಾಗ, ಕ್ಷಮಿಸಿ, ಅವರ ಬಾಯಿಂದಲೇ ಕೇಳುತ್ತೇನೆ ಎಂದರು. ಅವರ ಬಾಯಿಂದ ಬಂದದ್ದು “ಮ್ಯಾನೇಜಿಂಗ್” ಎಂಬ ಒಂದು ಪದ. ಡಾಕ್ಟರು ಅದನ್ನೇ ಟೈಪು ಮಾಡಿದರು.

ಹಾಗಾದರೆ ವ್ಯಾಯಾಮ ಮುಂದುವರಿಸಿ, ಎನ್ನುತ್ತ ಅವರು ಎದ್ದು ನಿಂತರು. ಕುಲುಕಲು ಕೈ ಮುಂದೆ ಚಾಚಿದರು.

ಕಲ್ಲಯ್ಯ ಆ ಕೈಯನ್ನು ನೋಡಿದ. ತನ್ನ ಬಲಗೈ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ಎತ್ತಬಹುದಿತ್ತು. ಹಲ್ಲು ಕಚ್ಚಿದರೆ ಒಂದು ನಿಮಿಷ ಕುಲುಕಲೂಬಹುದಿತ್ತು. ಲಿಫ್ಟಿನಲ್ಲಿ ಸ್ಕೂಲ್ ಬ್ಯಾಗನ್ನು ಮೊಣಕಾಲ ನಡುವೆ ಇರುಕಿಕೊಂಡು, ನೆಲಮಹಡಿ ಬರುವುದರೊಳಗೆ ಮುಗಿಸಬೇಕೆಂದು ಅವಸರದಲ್ಲಿ ಗುಂಡಿ ಹಾಕುವ ಮಗಳ ಬಗ್ಗಿದ ತಲೆ, ಅದರ ಬೈತಲೆ, ಯಾಕೋ ಕಣ್ಣಮುಂದೆ ಬಂತು.

ಅವನು ಎದ್ದು ಎಡಗೈ ಚಾಚಿದ.

ನಲವತ್ತೇಳು ವರ್ಷದಲ್ಲಿ ಯಾರಿಗೂ ಎಡಗೈ ನೀಡಿದವನಲ್ಲ. ಕಿವಿಯವರೆಗೆ ಕೆಂಪಾದ. “ಸಾರಿ,” ಎಂದ. “ದ ಅದರ್ ಒನ್… ಐ ಕ್ಯಾನಾಟ್.”

ಡಾಕ್ಟರು ಒಂದು ಗಳಿಗೆ ಆ ಎಡಗೈಯನ್ನು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಕೂತು, ನೀವೂ ಕೂತುಕೊಳ್ಳಿ, ಜಾಕೆಟ್ ತೆಗೆಯಿರಿ ಎಂದರು. ಅಂಗಿ ನೋಡಿದರು. ಮೂರನೆಯ ಗುಂಡಿಯನ್ನು ಬಲಗೈಯಿಂದ ಹಾಕಿ ತೋರಿಸಿ ಎಂದರು. ಗುಂಡಿ ಹೆಬ್ಬೆರಳಿಗೆ ಸಿಗುತ್ತಿತ್ತು, ಜಾರುತ್ತಿತ್ತು, ಮತ್ತೆ ಸಿಗುತ್ತಿತ್ತು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಎರಡು ಸುತ್ತು ಬಂತು. ವಿಜಯಾ ಲೋಟದ ತಳ ನೋಡುತ್ತ ಕೂತಿದ್ದಳು. ಆಮೇಲೆ ಸಣ್ಣ ಸುತ್ತಿಗೆ ಬಂತು, ಪಿನ್ನು ಬಂತು, ಈ ಬೆರಳು ಹಿಂಡಿ, ಇನ್ನೂ ಜೋರಾಗಿ, ಇಷ್ಟೇನಾ ಎಂಬ ಪ್ರಶ್ನೆ ಬಂತು.

“ಇಷ್ಟೇ,” ಎಂದ ಕಲ್ಲಯ್ಯ. ಅಲ್ಲಿಂದ ಅವನ ಬಾಯಿ ಬಿಚ್ಚಿತು. ಯಾವಾಗಿನಿಂದ, ಎಲ್ಲಿಂದ ಎಲ್ಲಿಗೆ, ದಿನಕ್ಕೆ ಎಷ್ಟು ಸಲ. ಹದಿನೈದು ನಿಮಿಷ. ಹೊರಗೆ ಕಾಯುತ್ತಿದ್ದವರು ಶಪಿಸಿರಬೇಕು.

ಒಂಬತ್ತು ದಿನಕ್ಕೆ ಪತ್ರ ಬಂತು. ವಿಜಯಾ ಹಿಟ್ಟು ನಾದುತ್ತಿದ್ದುದರಿಂದ ಈ ಸಲ ಅವನೇ ಓದಿದ. ಬಲ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಸ್ಪಷ್ಟ ಬಲಹೀನತೆ. ತುರ್ತು ಎಂಆರ್‌ಐ ಸ್ಕ್ಯಾನ್, ಗುರುವಾರ ಬೆಳಿಗ್ಗೆ ಏಳೂವರೆಗೆ. ಆನಂತರ ಸರ್ಜನ್ ನೋಡುತ್ತಾರೆ. ಅವನು ಹಾಳೆ ತಿರುಗಿಸಿ ಹಿಂದೆಯೂ ನೋಡಿದ.

“ಏನ್ ಹುಡುಕತೀರಿ?”

“ಈ ಸಲ ಬರೇ ‘ಜಂಟಲ್‌ಮನ್’ ಅಂದಾರ. ‘ಪ್ಲೆಸೆಂಟ್’ ಇಲ್ಲ.”

“ಅದs ಡಾಕ್ಟರ್ ಈ ಸಲ ಸ್ಕ್ಯಾನ್ ಕೊಟ್ಟಾರಲ್ಲ? ಮತ್ತ ಕರದಂಟು ಒಯ್ತೀರೇನು?”

ಅವನು ಪತ್ರ ಮಡಚಿ ಜೇಬಿಗಿಟ್ಟ. ಒಲೆಯ ಮೇಲೆ ಚಹಾ ಕುದಿದು ಬಂದಿತ್ತು. ಎಡಗೈಯಲ್ಲಿ ಸೋಸಿದ. ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಕಪ್ಪಿಗೆ ತುಂಬಿ, ಅದೇ ಕೈಯಲ್ಲಿ ಹೆಂಡತಿಯ ಕಡೆ ನೀಡಿದ.

ವಿಜಯಾ ಹಿಟ್ಟಿನ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಕಪ್ಪು ತೆಗೆದುಕೊಂಡಳು.